ಒಬ್ಬರಾದರೆ ಹೋಗಬಹುದು

ಗ್ಯಾರೇಜಿನಲ್ಲಿ ಸ್ಕೂಟರಿಗಾಗಿ ಕಾಯುತ್ತಿದ್ದ ಟೈಲರಮ್ಮನಿಗೆ, ಮೂರು ಚಕ್ರದ ದೊಡ್ಡ ಬೈಕಿನ ಸುತ್ತ ಶತಪಥ ತಿರುಗುತ್ತಿದ್ದ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು.

"ಹಿಂದಿನ ಏರ್ ಸಸ್ಪೆನ್ಷನ್ ಪೈಪು ಸೀಳಿದೆ ಸಾರ್, ಅದಕ್ಕೇ ಮೀಟರಲ್ಲಿ ಆ ಕೆಂಪು ದೀಪ," ಎಂದ ಮೆಕ್ಯಾನಿಕ್. "ಹೊಸದು ನಾಳೆ ಬರುತ್ತೆ. ಇಬ್ಬರು ಕೂತ್ರೆ ಹಿಂದೆ ಕುಸಿಯುತ್ತೆ. ಒಬ್ಬರಾದ್ರೆ ನಿಧಾನಕ್ಕೆ ಹೋಗಬೋದು."

"ಮಗಳಿಗೆ ನೋವು ಶುರುವಾಗಿದೆ ಕಣಪ್ಪಾ!" ಎಂದಳು ಹೆಂಡತಿ.

"ಸರಿ, ನಾನು ಹೊರಡ್ತೀನಿ. ನೀನು ಬಸ್ಸಲ್ಲಿ ಬಾ," ಎಂದ ಗಂಡ.

"ಹೆರಿಗೆ ಕೋಣೇಲಿ ನಿಮಗೇನ್ರೀ ಕೆಲಸ? ಕೀ ಕೊಡಿ."

"ಹೆದ್ದಾರೀಲಿ ನೀನು ಓಡಿಸಿಲ್ಲ ಕಣೇ."

"ಮತ್ತೆ ಮೈದಾನದಲ್ಲಿ ಕಲಿಸಿದ್ದು ಚೆಂದಕ್ಕಾ?"

ಟೈಲರಮ್ಮ ಕತ್ತು ಚಾಚಿ ನೋಡಿದಳು. ಅವನು ಕೀ ಕೊಟ್ಟು, ಹೆಂಡತಿಯ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಬಿಗಿದ.

"ದೀಪ ಉರೀತಾನೇ ಇರುತ್ತೆ. ಹೆದರ್ಬೇಡ."

"ಹೆದರ್ತಿರೋದು ನೀವು."

ಅವಳು ಹೊರಟಳು. ಅವನು ಬಸ್ಸಿಗೆ ಓಡಿದ.