ದೇವರಿಗೆ ಕೊಟ್ಟ ಅಡ್ರೆಸ್

ಅವತ್ತು ಮುಂಜಾನೆ ಶಹಾಪುರದ ಗುಡ್ಡದ ಮೇಲೆ ಮೋಡ ಇಳಿದಿತ್ತು. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತಿದ್ದರು. ಹಿರಿಯಳ ತೊಡೆಯ ಮೇಲೆ ಚರ್ಚಿನ ಹಾಡಿನ ಪುಸ್ತಕವಿತ್ತು. ಮಾತು ತೆಗೆದವಳು ಕಿರಿಯಳು.

"ಎಸ್ತರಮ್ಮಾರ, ಆ ಚೀಟಿ ನಿಮ್ಮ ಕೈಯಾಗ ಯಾಕ ಕೊಟ್ಟಿದ್ದೆ?"

"ನಿನ್ನ ತಂಗಿ ಸಲುವಾಗಿ ಪ್ರಾರ್ಥನಾ ಮಾಡ್ರಿ ಅಂತ."

"ನೀವೊಬ್ಬರ ಮಾಡ್ರಿ ಅಂದಿದ್ದೆ. ಬಾಗಲಾ ಹಾಕ್ಕೊಂಡು ಬೇಡು ಅಂತ ನನಗ ಕಲಿಸಿದವರು ನೀವ. ನೀವು ಫೋನಿನ ಗ್ರೂಪಿನಾಗ ಬೇಡಿದ್ರಿ."

"ನಾಕು ಮಂದಿ ಕೂಡಿ ಬೇಡಿದ್ರ ಛಲೋ ಅಂತ ಮಾಡಿದೆ, ದೇವಿಕಾ."

"ಮಾಡ್ರಿ. ಆದ್ರ ಗಂಡನ ಹೊಡ್ತಕ್ಕ ಓಡಿ ಹೋಗ್ಯಾಳ, ಕಡೇಚೂರಾಗ ಫ್ಯಾಕ್ಟರಿ ಹಿಂದಿನ ಖೋಲ್ಯಾಗ ಅದಾಳ ಅಂತ ಯಾಕ ಹೇಳಿದ್ರಿ? ದೇವರಿಗೆ ಅಡ್ರೆಸ್ ಬೇಕಿತ್ತೇನ್ರಿ?"



"ಗ್ರೂಪಿನಾಗ ಎಲ್ಲಾ ನಮ್ಮ ಸಭಾದವರ ಅದಾರಲ್ಲ."

"ಅಕಿ ಗಂಡನ ಚಿಗವ್ವನೂ ಅದಾಳ. ನಿನ್ನಿ ಮಧ್ಯಾಹ್ನ ಅವ ನಮ್ಮ ಮನಿಗೆ ಬಂದಿದ್ದ. ಬೈಲಿಲ್ಲ, ಕೂಗಾಡಲಿಲ್ಲ. ಚಾ ಕುಡದು, ಕಡೇಚೂರಿಗೆ ಹೋಗಾಕ ಮುಂಜಾನಿ ಮೊದಲನೇ ಬಸ್ ಎಷ್ಟಕ್ಕ ಅಂತ ಕೇಳಿ ಹೋದ."

"ತಂಗಿಗೆ ಫೋನ್ ಮಾಡಿದ್ಯಾ?"

"ನಿನ್ನಿಯಿಂದ ಮಾಡಾಕತ್ತೇನಿ. ಎತ್ತವಲ್ಲಳು."

"ಮೊದಲನೇ ಬಸ್?"

"ನಾ ಬರೋದ್ರಾಗ ಹೋಗಿತ್ತು."

ಎರಡನೇ ಬಸ್ಸು ಬಂದು ನಿಂತಿತು. ದೇವಿಕಾ ಎದ್ದಳು.

"ನಾನೂ ಬರ್ತೀನಿ. ಹೋಗೂತನಕ ಗ್ರೂಪಿನವರಿಗೆ ಪ್ರಾರ್ಥನಾ ಮಾಡಾಕ..."

"ಬರ್ರಿ. ಫೋನ್ ಮಾತ್ರ ಚೀಲದಾಗ ಇಡ್ರಿ."

ಎಸ್ತರಮ್ಮ ಫೋನನ್ನು ಚೀಲಕ್ಕೆ ಹಾಕಿದಳು. ಆಮೇಲೆ ಹಾಡಿನ ಪುಸ್ತಕ ತೆರೆದು, ನಾಲ್ಕು ಮಡಿಕೆಯ ಚೀಟಿಯೊಂದನ್ನು ತೆಗೆದು, ದೇವಿಕಾಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು. ಇಬ್ಬರೂ ಬಸ್ಸು ಹತ್ತಿದರು.