ನೀಲಿ ದೀಪದ ಹಸ್ತಾಂತರ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅಂದರೆ ನಮ್ಮ ಡಾಕ್ಟರೇ, ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ಸ್ವಯಂಸೇವಕ ಬಂಧುಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ,

ನನಗೆ ಭಾಷಣ ಬರುವುದಿಲ್ಲ. ಬರುವುದು ಒಂದೇ, ಕೈ ತೊಳೆಯುವುದು. ಅಂಗೈ, ಮುಂಗೈ, ಬೆರಳ ಸಂದು, ಉಗುರಿನಡಿ. ಈ ಪಾಠ ಹೇಳಿ ಹೇಳಿಯೇ ನನಗೆ ‘ಸೋಪಕ್ಕ’ ಎಂಬ ಹೆಸರು ಬಿತ್ತು. ಈಗ ಯಾರಾದರೂ ನನ್ನ ಸ್ವಂತ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಇಂದು ನನಗೆ ಬೀಳ್ಕೊಡುಗೆ. ಅಧ್ಯಕ್ಷರು ಹೊಸ ಕೋಟು ತೊಡಿಸಿದ್ದಾರೆ. ನನ್ನ ಜಾಗಕ್ಕೆ ಬರಲಿರುವ, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನರ್ಸಮ್ಮನಿಗೂ ಅಂಥದ್ದೇ ಒಂದು. ಎರಡೂ ಈಗಷ್ಟೇ ಕವರಿನಿಂದ ಹೊರಬಂದವು. ಇದನ್ನು ದಯವಿಟ್ಟು ನೆನಪಿಡಿ.

ಮೇಜಿನ ಮೇಲಿರುವ ಈ ನೀಲಿ ದೀಪವನ್ನು ನಾನಿಂದು ಅವರಿಗೆ ಹಸ್ತಾಂತರಿಸಬೇಕು. ಆಮಂತ್ರಣದಲ್ಲಿ ಹಾಗೆಂದು ಅಚ್ಚಾಗಿಬಿಟ್ಟಿದೆ. ಕೊಡಲು ನನಗೆ ಮನಸ್ಸಿಲ್ಲ. ಯಾಕೆಂದು ಹೇಳಿಯೇಬಿಡುತ್ತೇನೆ.

ಅತಿಥಿಗಳಿಗೆ ತಿಳಿಯಲೆಂದು ನಮ್ಮ ಪಾಠದ ಕ್ರಮ ಹೇಳುತ್ತೇನೆ. ಈ ಡಬ್ಬಿಯಲ್ಲಿ ಒಂದು ಪುಡಿ ಇದೆ. ಅದನ್ನು ಎಣ್ಣೆಯಲ್ಲಿ ಕಲಸಿ ಒಂದು ಮಗುವಿನ ಅಂಗೈಗೆ ಗುಟ್ಟಾಗಿ ಸವರುತ್ತೇವೆ. ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಮಕ್ಕಳನ್ನು ಆಡಲು ಬಿಡುತ್ತೇವೆ. ಆಮೇಲೆ ಕಿಟಕಿ ಮುಚ್ಚಿ ಈ ದೀಪ ಹಚ್ಚಿದರೆ, ಅಬ್ಬಾ! ಆ ಮಗು ಮುಟ್ಟಿದ್ದೆಲ್ಲ ಹಸಿರಾಗಿ ಹೊಳೆಯುತ್ತದೆ. ಬೆಂಚು, ಬಾಗಿಲ ಚಿಲಕ, ನೀರಿನ ಲೋಟ, ಗೆಳತಿಯ ಕೆನ್ನೆ. ಕಾಣದ ಕೊಳೆ ಕೈಯಿಂದ ಕೈಗೆ ಹೇಗೆ ದಾಟುತ್ತದೆಂದು ಮತ್ತೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಿಳಿ ಬಟ್ಟೆಯೂ ಈ ದೀಪಕ್ಕೆ ಹೊಳೆಯುತ್ತದೆ, ಅದಕ್ಕೇ ನಮ್ಮ ಕೋಟು ಕಡುನೀಲಿ. ದರ್ಜಿಗೆ ಬೇರೆ ಬಟ್ಟೆ ಸಿಗಲಿಲ್ಲ ಎಂದು ಆಡಿಕೊಳ್ಳುವವರು ಗಮನಿಸಬೇಕು.

ಕಾಲುವೆಯಾಚೆ, ತಗಡಿನ ಮನೆಗಳ ನಡುವೆ ಶಿಬಿರ ಹಾಕಿದ್ದಾಗ ಒಬ್ಬಳು ಪುಟ್ಟ ಹುಡುಗಿ ದಿನಾ ಪುಡಿ ಸವರಿಸಿಕೊಳ್ಳಲು ಕೈ ಚಾಚಿಕೊಂಡು ಬರುತ್ತಿದ್ದಳು. ನನ್ನ ಕೋಟಿನ ಅಂಚು ಹಿಡಿದರೆ ಬಿಡುತ್ತಿರಲಿಲ್ಲ. ಅದಕ್ಕೇ ಅವಳನ್ನು ‘ಬಾಲ’ ಎಂದು ಕರೆದೆ.

“ಸೋಪಕ್ಕಾ, ದೊಡ್ಡವಳಾದ್ಮೇಲೆ ನಂಗೂ ಈ ಕೋಟು ಕೊಡ್ತೀಯಾ?”

“ಮೊದ್ಲು ಮೂಗು ಒರೆಸ್ಕೋ. ಆಮೇಲೆ ಕೊಡ್ತೀನಿ.”

ದಿನಾ ಇದೇ ಮಾತು. ನನಗೆ ಮಕ್ಕಳಿಲ್ಲ. ಅದು ಈ ಸಭೆಗೆ ಬೇಡದ ವಿಷಯ, ಬಿಡಿ.

ಆ ಮಳೆಗಾಲ ವಾಂತಿಭೇದಿ ಬಂತು. ಶಾಲೆಯ ಬೆಂಚುಗಳನ್ನೇ ಜೋಡಿಸಿ ಮಂಚ ಮಾಡಿದೆವು. ಒಂದರ ಮೇಲೆ ನನ್ನ ಬಾಲವೂ ಮಲಗಿತು. ಡಾಕ್ಟರು ಮಾಡಬೇಕಾದದ್ದೆಲ್ಲ ಮಾಡಿದರು. ಕೊನೆಗೆ ತಲೆ ಅಲ್ಲಾಡಿಸಿ, ಮುಂದಿನ ಮಗುವನ್ನು ನೋಡಬೇಕಲ್ಲ, ಮೂಲೆಗೆ ಹೋಗಿ ಕೈ ತೊಳೆದುಕೊಂಡರು. ತೊಳೆಯಲೇಬೇಕು. ನಾನೇ ಹೇಳಿಕೊಡುವ ಪಾಠ ಅದು. ಆದರೆ ಆ ತಾಯಿಗೆ ಕಂಡದ್ದೇನು?

“ಅಯ್ಯೋ, ಡಾಕ್ಟ್ರು ಕೈ ತೊಳ್ಕೊಂಡ್ಬಿಟ್ರು!” ಎಂದು ಚೀರಿದಳು. ನನ್ನ ಎರಡೂ ಕೈ ಹಿಡಿದುಕೊಂಡು, “ಅಕ್ಕಾ, ನೀವಾದ್ರೂ ಕೈ ತೊಳ್ಕೋಬೇಡಿ” ಎಂದಳು.

ಆ ಮಾತಿಗೆ ಇನ್ನೊಂದು ಅರ್ಥ ಇದೆಯೆಂಬುದು ಅಂದಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಊರಿಗೆಲ್ಲ ಕೈ ತೊಳೆಯಿರೆಂದು ಸಾರಿದ ಸೋಪಕ್ಕ ಅಂದು ಕೈ ತೊಳೆಯದೆ ಮನೆಗೆ ಹೋದಳು. ಕಾರ್ಯದರ್ಶಿಗಳೇ, ಇದನ್ನು ವರದಿಗೆ ಸೇರಿಸಬೇಡಿ.

ಮುಂದಿನ ಶಿಬಿರ ಬೇರೆ ಊರಿನಲ್ಲಿ. ಕಿಟಕಿ ಮುಚ್ಚಿ, ದೀಪ ಸರಿಯಾಗಿದೆಯೇ ಎಂದು ಹಚ್ಚಿ ನೋಡಿದೆ. ಪುಡಿ ಇನ್ನೂ ಚೀಲದಲ್ಲೇ ಇತ್ತು. ಮಕ್ಕಳು ನನ್ನ ಕಡೆ ಬೆರಳು ತೋರಿಸಿ ನಕ್ಕವು. ಕೋಟಿನ ಅಂಚಿನಲ್ಲಿ ಒಂದು ಪುಟ್ಟ ಕೈಗುರುತು. ಒಗೆದೆ. ಕುದಿಸಿದೆ. ಕೋಟನ್ನೇ ಬದಲಿಸಿದೆ. ಹೊಸದರ ಮೇಲೂ ಅದೇ ಗುರುತು. ಡಾಕ್ಟರು, “ಪುಡಿ ಗಾಳಿಗೆ ಹಾರುತ್ತಮ್ಮಾ, ತಲೆ ಕೆಡಿಸ್ಕೋಬೇಡಿ” ಎಂದರು. ಹಾರಬಹುದು. ಆದರೆ ಹಾರಿದ ಪುಡಿ ಬೆಳೆಯುತ್ತದೆಯೇ?

ಬೆಳೆಯಿತು, ಸಭಿಕರೇ. ವರ್ಷ ಕಳೆದಂತೆ ಗುರುತು ಅಂಚಿನಿಂದ ಮೇಲೇರಿ ಸೊಂಟಕ್ಕೆ ಬಂತು. ಬೆರಳು ಉದ್ದವಾದವು. ಆಮೇಲೆ ಮೊಣಕೈಯ ಹತ್ತಿರ, ರಸ್ತೆ ದಾಟುವಾಗ ಮಗಳು ಅಮ್ಮನನ್ನು ಹಿಡಿದುಕೊಳ್ಳುವ ಹಾಗೆ. ಈಗ ಭುಜದ ಮೇಲಿರುತ್ತದೆ. ನನ್ನ ಕೈಗಿಂತ ದೊಡ್ಡದು. ಮೊದಮೊದಲು ಅದನ್ನು ಕಂಡರೆ ಭಯವಾಗುತ್ತಿತ್ತು. ಈಗ, ಕಾಣದೆ ಹೋದರೆ ಎಂದು ಭಯ. ತಾಯಂದಿರು ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎಷ್ಟು ಬೆಳೆದಿದ್ದಾರೆಂದು ಗೀರು ಹಾಕುತ್ತಾರೆ. ನಾನು ಈ ದೀಪದಲ್ಲಿ ನೋಡಿಕೊಂಡೆ. ಇದನ್ನು ಕೊಟ್ಟುಬಿಟ್ಟರೆ ಅವಳನ್ನು ಎಲ್ಲಿ ನೋಡಲಿ?

ಆದ್ದರಿಂದ ಒಂದೇ ಕೋರಿಕೆ. ಕೊಡುವ ಮುನ್ನ ಒಮ್ಮೆ ನೋಡಿಕೊಳ್ಳುತ್ತೇನೆ. ಬಾಗಿಲು ಮುಚ್ಚಿ. ದೀಪಗಳನ್ನೆಲ್ಲ ಆರಿಸಿ. ಕುಳಿತುಕೊಳ್ಳಿ ಡಾಕ್ಟರೇ, ನನಗೇನೂ ಆಗಿಲ್ಲ. ಪುಡಿಯ ಡಬ್ಬಿಯ ಮುಚ್ಚಳವನ್ನು ತೆರೆದೇ ಇಲ್ಲ, ನೀವೇ ನೋಡಿ.

ಹಚ್ಚಿದೆ.

ಇಲ್ಲ. ಭುಜದ ಮೇಲಿಲ್ಲ. ತೋಳಿನ ಮೇಲಿಲ್ಲ. ಅಂಚಿನಲ್ಲೂ ಇಲ್ಲ. ಅಧ್ಯಕ್ಷರೇ, ನನ್ನ ಬೆನ್ನ ಮೇಲೆ ಏನಾದರೂ ಕಾಣುತ್ತದೆಯೇ? ಇಲ್ಲವೇ.

ಕ್ಷಮಿಸಿ. ಸ್ವಲ್ಪ ನೀರು.

ನೀವೆಲ್ಲ ಯಾಕೆ ಮುಂದಿನ ಸಾಲಿನ ಕಡೆ ನೋಡುತ್ತಿದ್ದೀರಿ?

ಓ.

ನರ್ಸಮ್ಮಾ, ಕೋಟು ಬಿಚ್ಚಬೇಡಿ. ಹೆದರಬೇಡಿ. ನಿಮ್ಮ ಭುಜದ ಮೇಲಿನ ಆ ಕೈ ಭಾರ ಅನ್ನಿಸುವುದಿಲ್ಲ, ಅಲ್ಲವೇ? ನನಗೂ ಎಂದೂ ಅನ್ನಿಸಲಿಲ್ಲ. ಬದುಕಿದ್ದರೆ ನಿಮ್ಮ ವಯಸ್ಸೇ ಅವಳಿಗೆ. ದೊಡ್ಡವಳಾದ ಮೇಲೆ ಕೋಟು ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಮರೆತವಳು ನಾನು, ಅವಳಲ್ಲ. ಇಂದು ಕೆಲಸಕ್ಕೆ ಸೇರಿಕೊಂಡಿದ್ದಾಳೆ, ಅಷ್ಟೇ.

ಬನ್ನಿ, ದೀಪ ತೆಗೆದುಕೊಳ್ಳಿ. ಪಕ್ಕದವರು ಸ್ವಲ್ಪ ಕಾಲು ಮಡಚಿಕೊಳ್ಳಿ, ಇಬ್ಬರೂ ಬರಬೇಕು.

ಇನ್ನು ನಾನು ಕೈ ತೊಳೆದುಕೊಳ್ಳಬಹುದು. ಇವತ್ತು ಬೇಡ, ನಾಳೆ ತೊಳೆದುಕೊಳ್ಳುತ್ತೇನೆ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಅದರಲ್ಲೂ ಕತ್ತಲಾದ ಮೇಲೂ ಎದ್ದು ಹೋಗದ ಹಿಂದಿನ ಸಾಲಿನವರಿಗೆ, ನಾನು ಋಣಿ. ಈ ಬರಿಗೈಗಳನ್ನೇ ಜೋಡಿಸುತ್ತೇನೆ. ನಮಸ್ಕಾರ.