ಗ್ಯಾಲರಿಗೆ ಹಾಕಿದ ದೋಣಿಕಟ್ಟು

೧೯೭೯ರ ಮಾರ್ಚ್ ತಿಂಗಳ ಒಂದು ಭಾನುವಾರ. ಮೀನು ಮಾರಿ ಮುಗಿಸಿದ ಕಮಲಿ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಹಲಗೆಗಳನ್ನು ಹಗ್ಗದಲ್ಲಿ ಬಿಗಿದು ದೋಣಿ ಹೊಲಿಯುವ ಮುದುಕ ಮಾಸ್ತಿ, ಘಟ್ಟದ ಮೇಲಿನ ಮಿಲ್ಲಿನ ಊರಲ್ಲಿ ದುಡಿದು ಬಂದಿದ್ದ ಜಟ್ಟಿಯನ್ನು ಮಾತಿಗೆಳೆದಿದ್ದ.

"ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಸ್ಟೇಡಿಯಮ್ಮಿಗೆ ಗ್ಯಾಲರಿ ಕಟ್ಟಿದ್ದು ನೀನೇ ಅಂಬ್ರಲ?"

"ಹೌದು ಮಾಸ್ತಣ್ಣ. ಕಂಬ, ಹಲಗೆ ಎಲ್ಲದಕ್ಕೂ ಕತ್ತದ ಹಗ್ಗದಲ್ಲಿ ನಮ್ಮ ದೋಣಿಕಟ್ಟೇ ಹಾಕಿದೆ. ಒಂದು ಮೊಳೆ ಇಲ್ಲ."

"ಹಗ್ಗ ನೆನೆಸಿ ಕಟ್ಟಿದ್ಯ?"

"ಮತ್ತೆಂತ? ಜೋರು ಮಳೆಗಾಲ ಬೇರೆ. ಕಬ್ಬಿಣದ ಹಾಂಗೆ ಕಚ್ಚಿ ಕೂತಿತ್ತು."

"ಮಳೆ ಹೋದಮೇಲೆ ಮತ್ತೆ ಬಿಗಿದ್ಯ?"

"ದೋಣಿಗೆ ಯಾರಾದ್ರೂ ಮತ್ತೆ ಬಿಗೀತ್ರ?"

ಬಾಯಿಗೆ ಹೊರಟಿದ್ದ ಎಲೆಯಡಿಕೆಯ ಕವಳ ಮಾಸ್ತಿಯ ಕೈಯಲ್ಲೇ ನಿಂತಿತು.

"ದೋಣಿ ನೀರಲ್ಲಿರ್ತದೆ ಮಾರಾಯ. ಗ್ಯಾಲರಿ ಬಿಸಿಲಲ್ಲಿ ಒಣಗ್ತದೆ."

ಜಟ್ಟಿ ತಟ್ಟನೆ ಎದ್ದು ನಿಂತ. "ಇವತ್ತು ಸಂಜೆ ಫೈನಲ್. ಇಡೀ ಮಿಲ್ಲೇ ಬಂದು ಕೂರ್ತದೆ."

"ನಿನ್ನ ತಮ್ಮನೂ ಅಲ್ಲೇ ಕೆಲಸಕ್ಕಿದ್ದಾನೆ ಅಲ್ದಾ?"

"ಇದ್ದಾನೆ. ಅಣ್ಣ ಕಟ್ಟಿದ್ದು ಅಂದ್ಕಂಡು ಎಲ್ಲಕ್ಕಿಂತ ಮೇಲಿನ ಸಾಲಲ್ಲೇ ಕೂರ್ತೆ ಅಂದಿದ್ದ."

ಅಷ್ಟರಲ್ಲಿ ಘಟ್ಟದ ಬಸ್ಸು ಬಂತು. ಕುಮಟೆಯ ಬಸ್ಸಿಗೆ ಕಾದಿದ್ದ ಜಟ್ಟಿ ಅದನ್ನು ಬಿಟ್ಟು ಈ ಬಸ್ಸನ್ನೇ ಓಡಿ ಹತ್ತಿದ. ಮಾಸ್ತಿಯೂ ಹಿಂದೆಯೇ ಹತ್ತಿದ.

"ಎಷ್ಟೊತ್ತಿಗೆ ಮುಟ್ತದೆ?" ಜಟ್ಟಿ ಕೇಳಿದ.

"ದೀಪ ಹಚ್ಚೋ ಹೊತ್ತಾಗ್ತದೆ," ಎಂದು ಕಂಡಕ್ಟರ್ ಬಾಗಿಲು ಹಾಕಿದ.

ಕಮಲಿ ಬುಟ್ಟಿ ಎತ್ತಿಕೊಳ್ಳಹೋದಳು. ಬೆಳಿಗ್ಗೆ ಒದ್ದೆ ಹಗ್ಗದಲ್ಲಿ ಹಲ್ಲು ಕಚ್ಚಿ ಬಿಗಿದಿದ್ದ ಹಿಡಿಯ ಗಂಟು ಬಿಸಿಲಿಗೆ ಒಣಗಿ, ಬೆರಳು ತಾಗಿದ್ದೇ ತಡ, ಬಿಚ್ಚಿಕೊಂಡಿತು.